ಸಿಮೆಂಟಿನ ಜೋಡೆತ್ತು

ಭೀಮಮ್ಮನ ಕೈಯೆಂದರೆ ಕೈ! ಕಡಲ ಬದಿಯ ಬೇಲಾಪುರದಲ್ಲಿ ಸರ್ಕಾರಿ ಕಟ್ಟಡಗಳು ಏಳುತ್ತಿದ್ದ ಎಂಬತ್ತರ ದಶಕದಲ್ಲಿ, ರಾಯಚೂರು ಕಡೆಯಿಂದ ಬಂದು ಕಲಸಿದ ಸಿಮೆಂಟಿನ ಮಾಲು ಹೊತ್ತವರು ಎಷ್ಟೋ ಮಂದಿ. ಮಿಕ್ಕ ಮಾಲಿನಲ್ಲಿ ಎತ್ತು ಮಾಡಿದವಳು ಇವಳೊಬ್ಬಳೇ.

ಮಗ ಬಾಲಪ್ಪ ಮಣ್ಣೆತ್ತು ಬೇಕೆಂದು ಕಾಲು ಬಡಿದು ಹಟ ಹಿಡಿದಿದ್ದ. ಹಾಳು ಕೆಲಸ, ಪುರುಸೊತ್ತೆಲ್ಲಿ? "ಅಮಾಸಿಗೆ ಮಾಡಿಕೊಡ್ತೀನಿ, ಸುಮ್ನಿರು" ಅಂದಿದ್ದಳು. ಮಣ್ಣೆತ್ತಿನ ಅಮಾವಾಸ್ಯೆಗೆ ಮೊದಲೇ ಕಾಮಾಲೆ ಹುಡುಗನನ್ನು ಒಯ್ದಿತು. ಭೀಮಮ್ಮ ಅಳಲಿಲ್ಲ. ಮಣ್ಣು ಮಾಡಿ ಬಂದವಳೇ ಮಾಲಿನ ಘಮೇಲಾ ಬುಟ್ಟಿ ಹೊತ್ತು ಏಣಿ ಹತ್ತಿದಳು.

ಅಮಾವಾಸ್ಯೆಯ ದಿನ ಎತ್ತು ಮಾಡಲು ಕೂತರೆ ಅಲ್ಲಿನ ಕೆಂಪು ಮುರುಮು ಮಣ್ಣು ಅಂಟುವುದೇ ಇಲ್ಲ. ಸಿಟ್ಟು ಬಂತು. ಘಮೇಲಾದ ತಳದಲ್ಲಿ ಉಳಿದ ಮಾಲನ್ನೇ ಬಳಿದು ತಿದ್ದಿದಳು. ಏನು ಡುಬ್ಬ, ಏನು ನಿಲುವು! ಕೋಡಿಗೆ ತಂತಿ, ಕಣ್ಣಿಗೆ ಒಡೆದ ಬಳೆಯ ಚೂರು. ಪೂಜೆಯಾದ ಮೇಲೆ ಪದ್ಧತಿಯಂತೆ ನೀರಿಗೆ, ಪಕ್ಕದ ಖಾಡಿಯ ಕಡಲ ಹಿನ್ನೀರಿಗೆ, ಬಿಟ್ಟು ಬಂದಳು.

ಮರುದಿನ ನೀರು ಇಳಿದಾಗ ನೋಡಿದರೆ, ಎತ್ತುಗಳು ಕೆಸರಿನಲ್ಲಿ ಹಾಗೇ ನಿಂತಿವೆ!

"ಕರಗಿಲ್ಲ ನೋಡ್ರಿ! ನನ್ನ ಮಗ ಹೋಗಿಲ್ಲ!" ಎಂದು ಎದೆಗವಚಿಕೊಂಡು ತಂದಳು.

"ಸಿಮೆಂಟ್ ಎಲ್ಲಿ ಕರಗತೈತಿ, ಹುಚ್ಚಿ?" ಎಂದ ಗಂಡ ಮಾಪಣ್ಣ, ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಆಮೇಲೆ ಅವಳ ಕೈ ಸುಮ್ಮನಿದ್ದರೆ ಕೇಳಿ! ಆಡು, ಗುಬ್ಬಿ, ಬಂಡಿ, ಮಗ ಕೇಳಿದ್ದು ಕೇಳದ್ದು ಎಲ್ಲ ಮಾಡಿದಳು. ಪಕ್ಕದ ಶೆಡ್ಡಿನ ಕಾಳವ್ವ ಎಳೆಗೂಸು ಕಳೆದುಕೊಂಡು ಮೂಕಳಂತೆ ಕೂತಿದ್ದಳು. ಅವಳನ್ನೂ ಎಳೆತಂದು, "ಮಾತಾಡಬ್ಯಾಡ, ಏನರೆ ಮಾಡವ್ವ" ಎಂದು ಕೈಗೆ ಮಾಲು ಕೊಟ್ಟಳು. ಕಾಳವ್ವ ಪುಟ್ಟದೊಂದು ತೊಟ್ಟಿಲು ಮಾಡಿ, ಅದನ್ನು ತೂಗುತ್ತ ತೂಗುತ್ತ ಬಾಯಿಬಿಟ್ಟು ಮಾತಾಡಿದಳು. ಆದರೆ ಜೋಡೆತ್ತು ಮಾತ್ರ ಯಾರೂ ಮುಟ್ಟುವಂತಿಲ್ಲ. ಕಾಳವ್ವನ ಹಿರಿಮಗಳು ಹತ್ತಿರ ಬಂದರೂ ಗದರಿಸಿ ಓಡಿಸುತ್ತಿದ್ದಳು.

ಮರುವರ್ಷ ಮಳೆ ಹಿಡಿದ ಹೊತ್ತಿಗೆ ಆ ಹುಡುಗಿ ಬಾಗಿಲಲ್ಲಿ ನಿಂತು, ಥೇಟ್ ಬಾಲಪ್ಪನ ಹಾಗೆ ಕಾಲು ಬಡಿದು ಅತ್ತಳು. "ಒಮ್ಮೆ ಎತ್ತು ಕೊಡ, ಭೀಮವ್ವಾ!" ಗದರಿಸಲು ಎದ್ದ ಭೀಮಮ್ಮ ಹುಡುಗಿಯನ್ನು ಮಡಿಲಿಗೆ ಎಳೆದುಕೊಂಡಳು.

ಆ ಅಮಾವಾಸ್ಯೆಗೆ ಖಾಡಿಯ ಕಪ್ಪು ಮಣ್ಣು ತಂದು ಹೊಸ ಜೋಡಿ ಮಾಡಿದಳು. ನೀರಿಗಿಟ್ಟು ದಡದಲ್ಲೇ ಕೂತಳು. ಕೋಡು ಹೋಯಿತು, ಡುಬ್ಬ ಹೋಯಿತು, ಕಡೆಗೆ ನೀರಷ್ಟೇ ಉಳಿಯಿತು.

"ಹೋಗಿ ಬಾರೋ ನನ್ನಪ್ಪಾ" ಎಂದವಳು ವರ್ಷದಿಂದ ತಡೆದ ಅಳುವನ್ನೆಲ್ಲ ಅತ್ತಳು. ಮಾಪಣ್ಣನೂ ಪಕ್ಕದಲ್ಲಿ ಕೂತು ಅತ್ತ.

ಶೆಡ್ಡಿಗೆ ಬಂದವಳೇ ಸಿಮೆಂಟಿನ ಎತ್ತುಗಳಿಗೆ ಸುತಳಿ ಕಟ್ಟಿ ಹುಡುಗಿಯ ಕೈಗೆ ಕೊಟ್ಟಳು.

"ತಗೋ, ಎಳಕೊಂಡು ಆಡು. ಆಡಾಕಂತ್ಲೇ ಮಾಡಿದ್ದು."