ಗೋಡೆಯಾಚೆಯ ಬಾವಿ

ಹೋದ ತಿಂಗಳು ನಾನು ಪಕ್ಕದ ಮನೆಯಲ್ಲಿ ಒಂದು ಲೋಟ ನೀರು ಕುಡಿಯಲಿಲ್ಲ.

ಅಷ್ಟೇ ವಿಷಯ. ಇದನ್ನೂ ಅಂಕಣ ಮಾಡಬೇಕಾ ಮಾರಾಯರೇ ಅಂತ ನೀವು ಕೇಳಬಹುದು. ಮಾಡಬೇಕು. ನಮ್ಮ ಹೊನ್ನಾವರ, ಕುಮಟೆಯ ಕಡೆ ಮನೆಗೆ ಬಂದವರ ಮುಂದೆ ಮೊದಲು ಬರುವುದು ಚಹಾ ಅಲ್ಲ, ಒಂದು ತುಂಡು ಬೆಲ್ಲ ಮತ್ತು ನೀರು. ಅದನ್ನು ಮುಟ್ಟದೆ ಎದ್ದರೆ ಅದಕ್ಕೊಂದು ಅರ್ಥವಿದೆ. ಆ ಅರ್ಥ ಊರಿನ ಸಣ್ಣ ಮಕ್ಕಳಿಗೂ ಗೊತ್ತು.

ನಾಗಕ್ಕ ನಮ್ಮ ಪಕ್ಕದ ಮನೆಯವಳು. ಬುಟ್ಟಿ ಹೊತ್ತು ಧಾರೇಶ್ವರದವರೆಗೂ ಹೋಗಿ ಮೀನು ಮಾರುತ್ತಾಳೆ. ಮಗಳು ಸುಜಾತಾಳನ್ನು ಭಟ್ಕಳದ ಕಡೆ ಕೊಟ್ಟಿದ್ದಾರೆ. ಚೊಚ್ಚಲ ಹೆರಿಗೆಗೆ ಅಂತ ತವರಿಗೆ ಬಂದವಳು ತಿಂಗಳೊಪ್ಪತ್ತು ಚೆನ್ನಾಗೇ ಇದ್ದಳು. ಆಮೇಲೆ ಕಣ್ಣು ಹಳದಿಯಾಯಿತು. ನಾಲ್ಕು ದಿನ ಕಾಮಾಲೆಗೆ ಸೊಪ್ಪಿನ ಮದ್ದು ನಡೆಯಿತು. ಐದನೇ ದಿನ ಮಾತು ತೊದಲತೊಡಗಿದಾಗ ಆಂಬುಲೆನ್ಸ್ ಬಂತು. ಇದು ನೀರಿನಿಂದ ಬರುವ ಕಾಮಾಲೆ, ತುಂಬಿದ ಬಸುರಿಗೆ ಬಂದರೆ ತಾಯಿಗೂ ಅಪಾಯ, ಹೊಟ್ಟೆಯೊಳಗಿನ ಮಗುವಿಗೂ ಅಪಾಯ ಅಂತ ಡಾಕ್ಟರು ಹೇಳಿದರಂತೆ.

ಬಟ್ಟೆಬರೆ ಒಯ್ಯಲು ನಾಗಕ್ಕ ಆಸ್ಪತ್ರೆಯಿಂದ ಬಂದಿದ್ದಾಗ ವಿಚಾರಿಸಲು ಹೋದೆ. (ಪಕ್ಕದ ಮನೆಯೇ ಆದರೂ ಅವಳ ಜಗುಲಿ ಹತ್ತಿದ್ದು ಎಷ್ಟು ಸಲ? ಬೆರಳಲ್ಲಿ ಎಣಿಸಬಹುದು. ನಮ್ಮ ಮಾತೆಲ್ಲ ಕಂಪೌಂಡಿನ ಮೇಲಿಂದಲೇ.) ಅಂಥ ಸಂಕಟದಲ್ಲೂ ಅವಳು ಬಾವಿಯಿಂದ ಆಗಷ್ಟೇ ಸೇದಿದ ನೀರು ತಂದಿಟ್ಟಳು. ಪಕ್ಕದಲ್ಲಿ ಬೆಲ್ಲ. ತಪ್ಪೆಲ್ಲ ತನ್ನದೇ ಎನ್ನುತ್ತಿದ್ದಳು. ಬೇಡ ಬೇಡವೆಂದರೂ ಮಗಳಿಗೆ ಉಷ್ಣದ ಮೀನು ತಿನ್ನಿಸಿದೆ, ಯಾರ ಕಣ್ಣು ಬಿತ್ತೋ ಏನೋ, ದೇವರಿಗೆ ಹೇಳಿಕೊಂಡಿದ್ದು ಮರೆತೆ. ಹೀಗೆ ಒಂದೊಂದೇ ಹೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನಾನು ಲೋಟ ಎತ್ತಿದೆ. ಕಣ್ಣು ಬಾವಿಯ ಕಡೆ ಹೋಯಿತು. ಬಾವಿಕಟ್ಟೆಯ ಬೆನ್ನಿಗೇ ನಮ್ಮ ಕಂಪೌಂಡು. ಅದರ ಮೇಲೆ ಒಂದು ಬಿಳಿ ಪೈಪು ಕತ್ತು ಚಾಚಿ ನಿಂತಿತ್ತು.

ನಮ್ಮ ಪಾಯಿಖಾನೆ ಗುಂಡಿಯ ಗಾಳಿ ಪೈಪು.

ಹನ್ನೆರಡು ವರ್ಷದಿಂದ ಅದನ್ನು ನೋಡುತ್ತಲೇ ಇದ್ದೇನೆ, ನಮ್ಮ ಅಂಗಳದಿಂದ. ಆ ಕಡೆಯಿಂದ ಒಮ್ಮೆಯೂ ನೋಡಿರಲಿಲ್ಲ. ಲೋಟ ಕೆಳಗಿಟ್ಟೆ. ಶುಗರ್ ಇದೆ, ಬೆಲ್ಲ ಆಗುವುದಿಲ್ಲ ಅಂದೆ.

"ಬೆಲ್ಲ ಬ್ಯಾಡಾದ್ರೆ ಬರೀ ನೀರಾದ್ರೂ ಕುಡೀರಿ, ಮಾಸ್ತರೇ" ಅಂದಳು.

ಈಗಷ್ಟೇ ಚಹಾ ಆತು ಅಂದೆ. ಅವಳ ಮುಖ ಸಣ್ಣದಾಯಿತು. ಲೋಟ ಒಳಗೆ ಹೋಯಿತು.

ಈಗ ನನ್ನ ಜಾಣತನದ ಕಥೆ ಕೇಳಿ. ಗುಂಡಿ ತೋಡಿಸುವಾಗ ನಾನೇ ಟೇಪು ಹಿಡಿದಿದ್ದೆ. ನಮ್ಮ ಬಾವಿಯಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಹೋಗಬೇಕು ಅಂತ ಹಟ. ದೂರ ಹೋಗಿ ಹೋಗಿ ಕಂಪೌಂಡಿನ ಬುಡಕ್ಕೆ ಬಂದು ನಿಂತೆವು. ಗೋಡೆಯ ಆಚೆ? ಆಚೆಯದು ನಮ್ಮದಲ್ಲವಲ್ಲ! ಸುತ್ತ ಚಿರೇಕಲ್ಲು ಕಟ್ಟಿಸಿದೆವು, ತಳಕ್ಕೆ ಸಿಮೆಂಟು ಹಾಕಿಸಲಿಲ್ಲ. ನೀರು ಇಂಗಿ ಹೋಗಲಿ ಅಂತ. ಕಡಲ ಬದಿಯ ಹೊಯ್ಗೆ ನೆಲ, ಬರೀ ಮರಳು, ಹೊಯ್ದಷ್ಟೂ ಕುಡಿಯುತ್ತದೆ. ಮಳೆಗಾಲದಲ್ಲಂತೂ ಬಾವಿ ನೀರು ಕೈಗೆ ಎಟಕುವಷ್ಟು ಮೇಲೆ ಬರುತ್ತದೆ. ನಮ್ಮ ಗುಂಡಿ ಹನ್ನೆರಡು ವರ್ಷವಾದರೂ ಒಮ್ಮೆಯೂ ತುಂಬಿಲ್ಲ ಅಂತ ಬಂದವರ ಹತ್ತಿರ ಕೊಚ್ಚಿಕೊಂಡಿದ್ದೇನೆ.

ತುಂಬದಿದ್ದರೆ ಅದೆಲ್ಲ ಎಲ್ಲಿಗೆ ಹೋಗುತ್ತಿತ್ತು?

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದವನು ನಾನು. ಕಾಲರಾ, ಟೈಫಾಯ್ಡ್, ಕಾಮಾಲೆ ಹೇಗೆ ಹರಡುತ್ತವೆ, ಐದು ಅಂಕದ ಪ್ರಶ್ನೆ. ಉತ್ತರದಲ್ಲಿ 'ಮಲ' ಅಂತ ಬರೆಯಲು ನಾಚಿ 'ಕೊಳಕು' ಅಂತ ಬರೆದ ಮಕ್ಕಳ ಅಂಕ ಕತ್ತರಿಸಿದ್ದೇನೆ. ನನ್ನ ಅಂಕ ಕತ್ತರಿಸುವವರು ಯಾರೂ ಇರಲಿಲ್ಲ, ನೋಡಿ.

ಮರುದಿನ ಆರೋಗ್ಯ ಸಹಾಯಕಿ ಬಂದು ಕೇರಿಯ ಬಾವಿಗಳ ನೀರನ್ನು ಪುಟ್ಟ ಬಾಟಲಿಗಳಲ್ಲಿ ತುಂಬಿಸಿ ನಮ್ಮ ಜಗುಲಿಯಲ್ಲಿಟ್ಟರು. ನೀರಿಗೆ ಮಲ ಸೇರಿದ್ದರೆ ಒಂದೆರಡು ದಿನದಲ್ಲಿ ಅದು ಕಪ್ಪಾಗುತ್ತದಂತೆ. ನಮ್ಮ ಬಾವಿಯದು ಇದ್ದ ಹಾಗೇ ಇತ್ತು. ನಾಗಕ್ಕನ ಬಾವಿಯದು ಮಸಿಯಾಗಿತ್ತು. ನನ್ನ ಹೆಂಡತಿ ಎರಡೂ ಬಾಟಲಿ ನೋಡಿ, "ನಾವು ಪಾರಾದ್ವು" ಅಂದವಳು ನನ್ನ ಮುಖ ನೋಡಿ ಒಳಗೆ ಹೋದಳು.

ಸುಜಾತಾಳ ಕಾಯಿಲೆ ನಮ್ಮ ಗುಂಡಿಯಿಂದಲೇ ಬಂತು ಅಂತ ಸಾಬೀತು ಮಾಡಲು ಸಾಧ್ಯವೇ? ಬಹುಶಃ ಇಲ್ಲ. ಮದುವೆ ಮನೆಯ ಪಾನಕ ಇರಬಹುದು, ಪೇಟೆಯ ಐಸ್ ಇರಬಹುದು. ಎರಡು ದಿನ ಈ 'ಇರಬಹುದು'ಗಳನ್ನೇ ಹಿಡಿದು ಕೂತಿದ್ದೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಸುಮ್ಮನಿದ್ದುಬಿಡೋಣ ಅಂತಲೂ ಅನ್ನಿಸಿತ್ತು. ಆದರೆ ಆ ಲೋಟ ಬಿಡಲಿಲ್ಲ. ಗುಂಡಿಯ ನೀರು ಅಲ್ಲಿಗೆ ಹೋಗಿಲ್ಲ ಅಂತ ನನಗೆ ನಿಜಕ್ಕೂ ನಂಬಿಕೆ ಇದ್ದಿದ್ದರೆ ಕುಡಿಯುತ್ತಿದ್ದೆನಲ್ಲ?

ಮೂರನೇ ದಿನ ಆಸ್ಪತ್ರೆಗೆ ಹೋದೆ. ವಾರ್ಡಿನ ಹೊರಗಿನ ಬೆಂಚಿನಲ್ಲಿ ನಾಗಕ್ಕ ಕೂತಿದ್ದಳು. ಪೈಪು, ಗುಂಡಿ, ಟೇಪು, ಎಲ್ಲ ಹೇಳಿದೆ. ಬೈಯಲಿ, ಎದ್ದು ಕಿರುಚಲಿ ಅಂತ ಕಾದೆ. ಅವಳು ಬೆಂಚಿನಲ್ಲೇ ನನ್ನ ಕಡೆ ತಿರುಗಿದಳು.

"ಹಂಗಾರೆ ಆ ದಿನ ನೀವು ನೀರು ಮುಟ್ಟದೇ ಇದ್ದದ್ದು ಇದಕ್ಕಾ?" ಅಂದಳು. "ಮೀನು ಮಾರೋರ ಮನೆ ನೀರು ಅಂತ ಬಿಟ್ರಿ ಅಂದ್ಕಂಡಿದ್ದೆ."

ತಲೆಮಾರುಗಳಿಂದ ಇಂಥ ಮನೆಗಳ ನೀರನ್ನು ಮೈಲಿಗೆ ಅಂದವರ ಪೈಕಿಯವನು ನಾನು. ಆ ನೀರಿಗೆ ನಿಜವಾದ ಹೊಲಸು ಹರಿಸಿದ್ದು ನನ್ನ ಮನೆ. ಅವಳೇ ಮತ್ತೆ ಹೇಳಿದಳು: "ಎಂತ ಮಾಡೂದು ಮಾಸ್ತರೇ. ನಂಗೆ ಹೇಳೂಕೆ ಮೂರು ದಿನ ಬೇಕಾತು ನಿಮಗೆ. ಮನೇಲಿ ಉಳ್ದೋರು ಆ ಮೂರು ದಿನವೂ ಅದೇ ನೀರು ಕುಡಿದ್ರು."

ಆ ಮಾತು ಈಗಲೂ ಚುಚ್ಚುತ್ತದೆ. ಚುಚ್ಚಲಿ.

ಸುಜಾತಾ ಇನ್ನೂ ಆಸ್ಪತ್ರೆಯಲ್ಲಿದ್ದಾಳೆ. ಮಾತು ಸರಿಯಾಗಿದೆ, ಕಣ್ಣಿನ ಹಳದಿ ಇಳಿಯುತ್ತಿದೆ, ಹೊಟ್ಟೆಯಲ್ಲಿ ಮಗು ಒದೆಯುತ್ತಿದೆ. ಹೆರಿಗೆ ಆಗುವವರೆಗೆ ಏನೂ ಹೇಳಲಾಗದು ಅಂತ ಡಾಕ್ಟರು. ನಾಗಕ್ಕನ ಮನೆಗೆ ಸದ್ಯ ನಮ್ಮ ಬಾವಿಯ ನೀರು, ಅದನ್ನೂ ಕುದಿಸಿ. ಹಳೆ ಗುಂಡಿ ಖಾಲಿ ಮಾಡಿಸಿ ಮುಚ್ಚಿಸಿದೆ. ತಳಕ್ಕೂ ಗೋಡೆಗೂ ಸಿಮೆಂಟು ಹಾಕಿ ಹೊಸ ಟ್ಯಾಂಕು ಕಟ್ಟಿಸಲು ಮೊನ್ನೆ ಮೇಸ್ತ್ರಿ ಬಂದ. ಬಂದವನೇ ಅಭ್ಯಾಸದಂತೆ ಟೇಪಿನ ತುದಿಯನ್ನು ನಮ್ಮ ಬಾವಿಕಟ್ಟೆಗೆ ಸಿಕ್ಕಿಸಿದ.

ಬಿಡಿಸಿದೆ. ಅದನ್ನು ಹಿಡಿದು ಗೇಟು ದಾಟಿ ನಾಗಕ್ಕನ ಅಂಗಳಕ್ಕೆ ಹೋದೆ.

ನಿಮ್ಮ ಮನೆಯ ಗುಂಡಿಯನ್ನು ಅಳೆದದ್ದು ಯಾರ ಬಾವಿಯಿಂದ?