ಚಿಕ್ಕಮ್ಮ ಹೇಳದೆ ಇಟ್ಟುಕೊಂಡಿದ್ದ ಹುಣ್ಣು

ನನ್ನ ಚಿಕ್ಕಮ್ಮನ ಊರು ಅಂಬಾಜಿದುರ್ಗ ಬೆಟ್ಟದ ಮಗ್ಗುಲಲ್ಲಿದೆ. ಗಂಡ ತೀರಿಕೊಂಡ ಮೇಲೆ ಇದ್ದ ತುಂಡು ಹೊಲದಲ್ಲಿ ಸೇವಂತಿಗೆ, ಕನಕಾಂಬರ ಬೆಳೆದು ಮಗಳ ಮದುವೆ ಮಾಡಿದವಳು. ಚಿಂತಾಮಣಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಅವಳು ಮಾರ್ಕೆಟ್ಟಿಗೆ ಹೂವು ಹಾಕಿ ಬಂದಾಗಲೆಲ್ಲ ಅಂಗಡಿಯಲ್ಲಿ ಕೂತು ಕಾಫಿ ಕುಡಿದು, ನನ್ನ ಗಿರಾಕಿಗಳ ಜೊತೆ ಹರಟಿ ಹೋಗುತ್ತಿದ್ದಳು.

ಹೋದ ವರ್ಷ ಬೇಸಿಗೆಯಲ್ಲಿ ಅವಳು ಕೂರುವುದನ್ನೇ ಬಿಟ್ಟಳು. ಸ್ಟೂಲು ಎಳೆದುಕೊಟ್ಟರೂ ಬಾಗಿಲಿಗೆ ಒರಗಿ ನಿಂತೇ ಕಾಫಿ ಮುಗಿಸುತ್ತಿದ್ದಳು. ಕೇಳಿದರೆ, "ಏಮೀ ಲೇದಮ್ಮ, ಏನೂ ಇಲ್ಲ, ಸೊಂಟ ಹಿಡ್ಕೊಂಡೈತೆ" ಅನ್ನುತ್ತಿದ್ದಳು. ಬಗ್ಗಿ ಹೂವು ಕೀಳುವವರಿಗೆ ಸೊಂಟನೋವು ಹೊಸದಲ್ಲವಲ್ಲ, ನಾನೂ ನಂಬಿದೆ.

ಒಂದು ದಿನ ರವಿಕೆ ಅಳತೆ ಕೊಡಲು ಬಂದಳು. ಟೇಪು ಸುತ್ತಿದರೆ ಹಳೆಯ ಅಳತೆ ಎಲ್ಲೋ, ಇವಳು ಎಲ್ಲೋ. ಅಷ್ಟು ಇಳಿದುಹೋಗಿದ್ದಳು. ಅಂಗಡಿಯ ಪರದೆ ಎಳೆದು, "ನಿಜ ಹೇಳು ಚಿಕ್ಕಮ್ಮ, ಏನಾಗೈತೆ?" ಅಂದೆ.

ಅವಳು ಪರದೆಯ ಕಡೆ ಒಮ್ಮೆ ನೋಡಿ, ಪಿಸುದನಿಯಲ್ಲಿ ಹೇಳಿದಳು. "ಕೆಳಗೆ ಒಂದು ಹುಣ್ಣು ಕಣೇ. ಮೊದಲು ನೋವೇ ಇರಲಿಲ್ಲ. ಅರಿಶಿನ, ಕೊಬ್ರಿ ಎಣ್ಣೆ ಹಚ್ಚಿದೆ. ಮೆಡಿಕಲ್ ಸ್ಟೋರಲ್ಲಿ ಕಾಲಿಗೆ ಅಂತ ಸುಳ್ಳು ಹೇಳಿ ಮುಲಾಮು ತಂದೆ. ಒಣಗಿದಂಗೆ ಆಗ್ತದೆ, ಮತ್ತೆ ಒಡೀತದೆ."

"ಯಾವಾಗಿಂದ?"

"ಯುಗಾದಿಗೆ ಮುಂಚೆಯಿಂದ."

"ಮಗಳಿಗಾದ್ರೂ ಹೇಳಬಾರದಾ?"

"ಗಂಡ ಇಲ್ದೋಳಿಗೆ ಅಲ್ಲಿ ಹುಣ್ಣು ಅಂದ್ರೆ ಊರೋರು ಏನಂದ್ಕೊಂಡಾರು? ಅಳಿಯನ ಕಿವಿಗೆ ಬಿದ್ರೆ?"

ಇಷ್ಟು ದಿನ ಅವಳು ನೋವಿಗಿಂತ ಹೆಚ್ಚಾಗಿ ಆ ಒಂದು ಮಾತಿಗೆ ಹೆದರಿ ಬದುಕಿದ್ದಳು. ಅಂಗಡಿ ಬಾಗಿಲು ಹಾಕಿ ಅವಳನ್ನು ಅಲ್ಲೇ ಹತ್ತಿರದ ಹೆಂಗಸರ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಅಲ್ಲೂ ಬೆಂಚಿನ ಪಕ್ಕ ನಿಂತೇ ಇದ್ದಳು. ನಮ್ಮ ಸರದಿ ಬಂದಾಗ ನನ್ನ ಮಣಿಕಟ್ಟು ಹಿಡಿದುಕೊಂಡಳು.

ಡಾಕ್ಟರು ಪರೀಕ್ಷೆ ಮಾಡಿ ಕೈ ತೊಳೆದು ಬಂದು ಕೂತರು. ಚಿಕ್ಕಮ್ಮ ಅವರು ಕೇಳುವ ಮೊದಲೇ, "ನಾನು ಅಂಥೋಳಲ್ಲಮ್ಮ" ಅಂದಳು.

"ನಾನು ಅದನ್ನ ಕೇಳಲೇ ಇಲ್ವಲ್ಲಮ್ಮ" ಅಂದರು ಡಾಕ್ಟರು. "ಈ ಹುಣ್ಣು ಸೋಂಕಿಂದ ಬರಬಹುದು, ಶುಗರ್ ಜಾಸ್ತಿ ಇದ್ರೆ ಮಾಯದೆ ಉಳೀಬಹುದು, ಚರ್ಮದ ಕಾಯಿಲೆನೂ ಇರಬಹುದು. ಬೇರೆ ಏನಾದ್ರೂ ಇದೆಯಾ ಅಂತಾನೂ ನೋಡಬೇಕು. ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಎರಡು ವಾರ ಆದ್ರೂ ಮಾಯದ ಹುಣ್ಣನ್ನ, ನೋವಿರಲಿ ಇಲ್ದಿರಲಿ, ತೋರಿಸಲೇಬೇಕು. ಜ್ವರ ಬಂದ್ರೆ, ತೊಡೆ ಸಂದಿಯಲ್ಲಿ ಗಂಟು ಸಿಕ್ಕಿದ್ರೆ, ರಕ್ತ ಬಂದ್ರೆ ಅಷ್ಟು ದಿನಾನೂ ಕಾಯಬಾರದು."

ರಕ್ತ ತೆಗೆದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಹುಣ್ಣಿನ ಅಂಚಿನಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಚಿಕ್ಕಮ್ಮ ನಮ್ಮ ಮನೆಯಲ್ಲೇ ಉಳಿದಳು. ನಾನು ಅವಳ ಮಗಳಿಗೆ ಫೋನು ಮಾಡಿದೆ. ಶಿಡ್ಲಘಟ್ಟದಿಂದ ಮಗಳ ಜೊತೆ ಅಳಿಯನೂ ಬಂದ. ಚಿಕ್ಕಮ್ಮ ಮುಖ ತಿರುಗಿಸಿ ಮಲಗಿದ್ದಳು. ಅವನು ಎಳನೀರು ಕೆತ್ತಿ ಲೋಟಕ್ಕೆ ಬಗ್ಗಿಸಿ, "ಕುಡೀರಿ ಅತ್ತೆ. ನಮ್ಮಮ್ಮನಿಗೂ ಹಿಂಗೇ ಆಗಿದ್ರೆ ಬಿಟ್ಬಿಡ್ತಿದ್ನಾ?" ಅಂದ. ಅವಳು ಅತ್ತದ್ದು ಆವಾಗಲೇ.

ಕ್ಯಾನ್ಸರ್ ಅಂತ ಬಂತು. ಆಳಕ್ಕೆ ಇಳಿದಿಲ್ಲ, ಬೇಗ ಆಪರೇಷನ್ ಮಾಡಿಸಿ ಅಂದರು. ಬೆಂಗಳೂರಿನಲ್ಲಿ ಮಾಡಿಸಿದೆವು. ಆ ಜಾಗದ ಚರ್ಮ ತೆಗೆದರು. ಗಾಯ ಮಾಯಲು ಬಹಳ ಕಾಲ ಹಿಡಿಯಿತು, ಮೂತ್ರಕ್ಕೆ ಹೋಗುವಾಗಲೆಲ್ಲ ಉರಿಯಿಂದ ಹಲ್ಲು ಕಚ್ಚುತ್ತಿದ್ದಳು. ಇನ್ನಷ್ಟು ಮುಂಚೆ ಬಂದಿದ್ದರೆ ಇಷ್ಟು ತೆಗೆಯಬೇಕಾಗಿರಲಿಲ್ಲವೇನೋ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅವಳು ಆ ಮಾತು ಎತ್ತುವುದಿಲ್ಲ. ಕರೆದಾಗಲೆಲ್ಲ ಚೆಕಪ್ಪಿಗೆ ತಪ್ಪದೆ ಹೋಗುತ್ತಾಳೆ.

ಈಚೆಗೆ ಅವಳ ಪಕ್ಕದ ಮನೆಯ ಸೊಸೆ ಕಣ್ಣು ತಗ್ಗಿಸಿಕೊಂಡು ಬಂದು ತನಗೂ ಅಲ್ಲೊಂದು ಹುಣ್ಣಾಗಿದೆ ಅಂದಳಂತೆ. ಚಿಕ್ಕಮ್ಮ ಮಾರನೆಯ ದಿನವೇ ಅವಳನ್ನು ಅದೇ ಡಾಕ್ಟರ ಹತ್ತಿರ ಕರೆತಂದಳು. ಅದು ಸೋಂಕಿನ ಹುಣ್ಣು, ಗಂಡ ಹೆಂಡತಿ ಇಬ್ಬರೂ ಔಷಧಿ ತಗೊಂಡರೆ ವಾಸಿಯಾಗುವಂಥದ್ದು.

"ಗಂಡ ಬರ್ತಾನೋ ಇಲ್ವೋ ಅಂತ ಅಳ್ತಿದ್ಲು" ಅಂದಳು ಚಿಕ್ಕಮ್ಮ. "ನಾನೇ ಹೋಗಿ ಅವನಿಗೆ ಹೇಳಿದೆ."

"ಏನಂತ ಹೇಳಿದೆ?"

"ನನಗಾಗಿದ್ದನ್ನೇ ಹೇಳಿದೆ. ಇನ್ನೇನು ಹೇಳಲಿ? ತಲೆ ಬಗ್ಗಿಸಿ ಕೇಳಿದ. ಬೆಳಿಗ್ಗೆ ಗಾಡಿ ತಗೊಂಡು ಇಬ್ರೂ ಡಾಕ್ಟರ ಹತ್ರ ಹೋದ್ರು."