ದೂರು ಬರೆಯದವರು

ಮೆಲ್ಕಾರಿನಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಶಾಲೆಗಳ ಕಚೇರಿಗೆ ಬೇಕಾದ ಸಾಫ್ಟ್‌ವೇರ್ ಮಾಡುವುದು ನಮ್ಮ ಕಸುಬು. ದಾಖಲಾತಿ, ಅಂಕಪಟ್ಟಿ, ಟಿ.ಸಿ., ಇಂಥವು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಶಾಲೆಗಳೇ ಹೆಚ್ಚು. ಹದಿನೇಳು ವರ್ಷ ನಾನಲ್ಲಿ ಕೋಡ್ ಬರೆದೆ. ಬರೆದದ್ದಕ್ಕಿಂತ ಫೋನಿನಲ್ಲಿ ಮಾತಾಡಿದ್ದೇ ಹೆಚ್ಚು. ಎಲ್ಲ ಗುಮಾಸ್ತರ ಬಳಿಯೂ ನನ್ನ ನಂಬರಿತ್ತು, ಏನು ಕೆಟ್ಟರೂ ನನಗೇ ಕರೆ. ಮನೆಯಲ್ಲಿ ಬ್ಯಾರಿ ಭಾಷೆ ಆಡುವ ನಾನು ದಿನವಿಡೀ ತುಳುವಿನಲ್ಲಿ ಅದನ್ನು ಒತ್ತಿ, ಇದನ್ನು ಒತ್ತಿ ಎನ್ನುತ್ತಾ, ಸಂಜೆ ಮಗಳ ಹತ್ತಿರ ಮಾತಾಡಲು ದನಿಯೇ ಇಲ್ಲದೆ ಮನೆ ಸೇರುತ್ತಿದ್ದೆ.

ಹೋದ ವರ್ಷ ನಮ್ಮ ಧಣಿಗಳು ಕಂಪೆನಿಯನ್ನು ಹೊರ ರಾಜ್ಯದ ದೊಡ್ಡ ಕಂಪೆನಿಯೊಂದಕ್ಕೆ ಮಾರಿದರು. ಬಿರಿಯಾನಿ ತರಿಸಿ ಬಡಿಸಿ, ಆಮೇಲೆ ವಿಷಯ ತಿಳಿಸಿದರು. ಯಾರ ಕೆಲಸಕ್ಕೂ ತೊಂದರೆಯಿಲ್ಲ ಎಂದು ಮೂರು ಸಲ ಹೇಳಿದರು. ಒಂದೇ ಸಲ ಹೇಳಿದ್ದರೆ ನಂಬುತ್ತಿದ್ದೆನೋ ಏನೋ. ಡೆವಲಪರುಗಳು ನಾವು ನಾಲ್ವರು. ಅಂದಿನಿಂದ ಚಹಾದ ಹೊತ್ತಿಗೆ ಒಂದೇ ಮಾತು, ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ. ಉಳಿದ ಮೂವರಿಗೆ ಮೂವತ್ತೂ ದಾಟಿಲ್ಲ, ಎಲ್ಲಿಗೆ ಹೋದರೂ ಕೆಲಸ ಸಿಕ್ಕೀತು. ನನಗೆ ನಲವತ್ತಾರು. ಗಂಡ ದುಬೈಗೆ ಬಾ ಎಂದು ಎರಡು ಸಲ ಕರೆದಾಗಲೂ ನನಗಿಲ್ಲಿ ಕೆಲಸವಿದೆ ಎಂದು ಹೋಗದೆ ಕೂತವಳು. ಆ ಕೆಲಸವೇ ಹೋಯಿತು ಎಂದು ಅವರಿಗೆ ಹೇಳುವುದು ಹೇಗೆ ಎಂದು ಯೋಚಿಸಿ ಯೋಚಿಸಿ ಸಾಕಾಗಿತ್ತು.

ಹೊಸ ಕಂಪೆನಿಯ ಮ್ಯಾನೇಜರ್ ವೀಡಿಯೊದಲ್ಲಿ ಬಂದರು. ಮರ್ಯಾದೆಯ ಹೆಂಗಸು, ನಗುತ್ತಲೇ ಎಲ್ಲವನ್ನೂ ಹೇಳಿದರು. ಇನ್ನು ಮೂರು ತಿಂಗಳು ಶಾಲೆಗಳ ದೂರುಗಳೆಲ್ಲ ಸಾಫ್ಟ್‌ವೇರಿನಲ್ಲೇ ಇರುವ ದೂರಿನ ಪುಟದಲ್ಲಿ ಬರಬೇಕು. ಯಾರು ಎಷ್ಟು ಸರಿಪಡಿಸಿದರು ಎಂಬುದನ್ನು ನೋಡಿ ಯಾರನ್ನು ಇಟ್ಟುಕೊಳ್ಳುವುದು ಎಂದು ನಿರ್ಧರಿಸುತ್ತಾರಂತೆ. ಫೋನು ಲೆಕ್ಕಕ್ಕಿಲ್ಲ. ಆ ಪುಟ ಮಾಡಿದವಳು ನಾನೇ. ಅದನ್ನು ಒಬ್ಬರೂ ತೆರೆದು ನೋಡಿರಲಿಲ್ಲ, ನನಗೆ ಫೋನ್ ಮಾಡಿದರೆ ಮುಗಿಯುತ್ತಿತ್ತಲ್ಲ. ಹದಿನೇಳು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಕರೆದಾಗಲೆಲ್ಲ ಫೋನೆತ್ತಿ ಅವರ ಅಭ್ಯಾಸ ಕೆಡಿಸಿದವಳೂ ನಾನೇ. ಮಾಡಿದ್ದುಣ್ಣೋ ಮಹಾರಾಯ.

ಆ ಪುಟದಲ್ಲಿ ದೂರು ಬರೆಯಿರೆಂದು ಕೇಳಲು ರಜೆ ಹಾಕಿ ಬಸ್ಸು ಹತ್ತಿದೆ. ವಾಮದಪದವಿನ ಗುಮಾಸ್ತೆ ಗೋಳಿಬಜೆ ತರಿಸಿಕೊಟ್ಟು, ಅದಕ್ಕೇನು, ಬರೆಯುವ ಅಂದಳು. ಬೆಳ್ತಂಗಡಿಯಲ್ಲಿ ಒಬ್ಬರು, ಯಾಕೆ, ನಿಮ್ಮ ಫೋನ್ ಹಾಳಾಗಿದೆಯಾ ಎಂದು ಕೇಳಿದರು. ನನ್ನ ಕೆಲಸದ ಮೇಲೆ ದೂರು ಕೊಡಿ ಎಂದು ಶಾಲೆ ಶಾಲೆಗೆ ಹೋಗಿ ಬೇಡುವ ಗತಿ ಯಾರಿಗೂ ಬೇಡ. ಕೊನೆಗೆ ಮೂಡುಬಿದಿರೆಗೆ ಹೋದೆ. ಎಲ್ಲರಿಗಿಂತ ಹೆಚ್ಚು ಫೋನ್ ಮಾಡುವ ಗುಮಾಸ್ತರು ಅಲ್ಲಿನವರು. ಜೈನರು, ಕತ್ತಲಾಗುವ ಮೊದಲೇ ಊಟ ಮುಗಿಸುವವರು, ಹಾಗಾಗಿ ಐದಾದರೆ ಕುರ್ಚಿ ಬಿಡುವವರು. ನಾನು ಮುಟ್ಟುವಾಗ ಐದಕ್ಕೆ ಹತ್ತು ನಿಮಿಷವಿತ್ತು. ಆದರೂ ಕೂರಿಸಿ ಎಲ್ಲವನ್ನೂ ಕೇಳಿದರು.

"ನಿಮ್ಮ ಮೇಲೆ ದೂರು ಬರೆಯುವುದಾ? ಅದು ನನ್ನಿಂದ ಆಗ್ಲಿಕ್ಕಿಲ್ಲ ಮೇಡಂ."

"ನನ್ನ ಮೇಲೆ ಅಲ್ಲ ಸರ್. ಸಾಫ್ಟ್‌ವೇರಿನ ಮೇಲೆ."

"ಅದನ್ನು ಮಾಡಿದ್ದು ನೀವೇ ಅಲ್ವಾ?"

ದೂರು ಬಾರದಿದ್ದರೆ ನನ್ನ ಕೆಲಸ ಹೋಗುತ್ತದೆ ಎಂದು ಮತ್ತೊಮ್ಮೆ ಬಿಡಿಸಿ ಹೇಳಿದೆ. ಕೆಲಸ ಹೋಗುತ್ತದೆ ಎಂಬಷ್ಟು ಮಾತ್ರ ಅವರ ಕಿವಿಗೆ ಹೋಯಿತೆಂದು ಕಾಣುತ್ತದೆ. ಖಂಡಿತ ಬರೆಯುತ್ತೇನೆ ಎಂದರು.

ಬರೆದರು ಕೂಡ. ಒಂದು ವಾರದಲ್ಲಿ ಆ ಪುಟ ತುಂಬುತ್ತಾ ಬಂತು, ಖುಷಿಯಿಂದ ತೆರೆದೆ. ಮೊದಲನೆಯದು ವಾಮದಪದವಿನದು. ಯಾವ ತೊಂದರೆಯೂ ಇಲ್ಲ, ಮೇಡಂ ತುಂಬಾ ಒಳ್ಳೆಯವರು. ಬೆಳ್ತಂಗಡಿಯದೂ ಹಾಗೆಯೇ. ಮೂಡುಬಿದಿರೆಯವರದು ಎಲ್ಲಕ್ಕಿಂತ ಉದ್ದ. ಈ ಸಾಫ್ಟ್‌ವೇರ್ ಇಂದಿನವರೆಗೆ ಒಮ್ಮೆಯೂ ಕೆಟ್ಟಿಲ್ಲ, ಇವರನ್ನು ಕೆಲಸದಿಂದ ತೆಗೆಯಬಾರದಾಗಿ ವಿನಂತಿ. ಆವತ್ತು ಬೆಳಿಗ್ಗೆಯಷ್ಟೇ ಅಂಕಪಟ್ಟಿ ಬರುತ್ತಿಲ್ಲವೆಂದು ಅವರು ಅರ್ಧ ಗಂಟೆ ನನ್ನ ಕಿವಿ ತಿಂದಿದ್ದರು. ನನಗೆ ಸಿಟ್ಟು ಬಂತು. ಆಮೇಲೆ ಪಕ್ಕದವರು ನೋಡದ ಹಾಗೆ ಕಣ್ಣು ಒರೆಸಿಕೊಂಡೆ.

ಮೂರು ತಿಂಗಳು ಕಳೆದ ಮೇಲೆ ಮ್ಯಾನೇಜರ್ ಮತ್ತೆ ನಗುತ್ತಾ ಬಂದರು. ಈ ಭಾಗದಲ್ಲಿ ಸಾಫ್ಟ್‌ವೇರ್ ಕೆಡುವುದೇ ಇಲ್ಲವೆಂದು ಗ್ರಾಹಕರೇ ಬರೆದಿದ್ದಾರೆ, ಹಾಗಿರುವಾಗ ಇಲ್ಲಿಗೆ ಒಬ್ಬ ಡೆವಲಪರ್ ಸಾಕು ಎಂದರು. ಆ ಒಬ್ಬಳು ನಾನಲ್ಲ. ಇಷ್ಟು ಗಟ್ಟಿ ಸಾಫ್ಟ್‌ವೇರ್ ಮಾಡಿಕೊಟ್ಟದ್ದಕ್ಕೆ ನನಗೆ ಧನ್ಯವಾದ ಹೇಳಿದರು. ಹೊರಡುವ ಮೊದಲು ಬಾಕಿ ದೂರುಗಳನ್ನೆಲ್ಲ ಮುಗಿಸಬೇಕೆಂಬುದು ಹೊಸ ನಿಯಮ. ಯಾವ ತೊಂದರೆಯೂ ಇಲ್ಲ ಎಂಬ ಒಂದೊಂದರ ಮುಂದೆಯೂ 'ಸರಿಪಡಿಸಲಾಗಿದೆ' ಎಂದು ಒತ್ತುತ್ತಾ ಕೂತೆ.

ಕೆಲಸ ಹೋಗಿ ಹತ್ತು ದಿನ ಕಳೆದಿತ್ತು. ಗಂಡನಿಗೆ ಇನ್ನೂ ಹೇಳಿರಲಿಲ್ಲ. ಮಧ್ಯಾಹ್ನ ಫೋನ್ ಬಂದಾಗ ಅವರದೇ ಎಂದು ಹೆದರಿದೆ. ಮೂಡುಬಿದಿರೆಯ ಗುಮಾಸ್ತರು. ಟಿ.ಸಿ.ಯಲ್ಲಿ ಉದ್ದ ಹೆಸರಿನ ಕೊನೆಯ ಎರಡಕ್ಷರ ಬರುತ್ತಿಲ್ಲ, ಮಗುವಿನ ತಾಯಿ ಬಂದು ಕೂತಿದ್ದಾರೆ ಎಂದರು.

"ನಾನೀಗ ಅಲ್ಲಿ ಇಲ್ಲ ಸರ್. ಆ ಪುಟದಲ್ಲಿ ಬರೆಯಿರಿ. ಈಗ ದೂರು ಬರೆದರೆ ನನಗೇನೂ ಆಗುವುದಿಲ್ಲ."



"ಹಾಗಾದ್ರೆ ಈಗ ಅಲ್ಲಿ ಒಬ್ಬರು ಇರ್ಬೇಕಲ್ಲ ಮೇಡಂ," ಅಂದರು. "ಪಾಪ, ಅವರ ಕೆಲಸಕ್ಕೆ ಏನಾದ್ರೂ ಆದ್ರೆ?"

ಗ್ಯಾಸ್ ಆರಿಸಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ. ಮೊದಲು ಆ ಹೆಸರಿನ ಮೇಲೆ ಒಮ್ಮೆ ಒತ್ತಿ ಎಂದೆ.